ಎರಡನೆಯ ಬೈಕು, ಮೊದಲ ದೂರದ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹೊಸ ಸವಾರರು ಎದುರಿಗೆ ಸಿಕ್ಕಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲ ಬೈಕಿನಲ್ಲಿ ಕಾಲೇಜು, ಹೊಲ, ಸಂತೆ ಸುತ್ತಿ, ಈಗ ಗೋಕರ್ಣಕ್ಕೋ ಶ್ರೀಶೈಲಕ್ಕೋ ಹೊರಡುವ ಆಸೆ ಹುಟ್ಟಿದವರಿಗಾಗಿ ಬರೆದಿದ್ದೇನೆ. ಎಲ್ಲ ಉತ್ತರಗಳಿಗೂ ನನ್ನ ಅಳತೆಗೋಲು ಒಂದೇ: ಮೂರು ತಾಸು ಸವಾರಿ ಮಾಡಿ ಇಳಿದಾಗ ನಿಮ್ಮ ಸೊಂಟ, ಮಣಿಕಟ್ಟು, ಮೊಣಕಾಲು ಹೇಗಿವೆ?

## ಮೊದಲು ತಿಳಿಯಬೇಕಾದದ್ದು

ಸ್ಪ್ಲೆಂಡರ್ ಓಡಿಸಿ ಒಂದು ವರ್ಷವಾಯಿತು. ಈಗಲೇ ದೊಡ್ಡ ಗಾಡಿ ತೆಗೆದುಕೊಳ್ಳಬಹುದೇ?

ವರ್ಷದ ಲೆಕ್ಕ ಬಿಡಿ, ಕೈ ಪಳಗಿದೆಯೇ ಎಂದು ನೋಡಿಕೊಳ್ಳಿ. ಖಾಲಿ ರಸ್ತೆಯಲ್ಲಿ 50ರ ವೇಗದಿಂದ, ಚಕ್ರ ಜಾರದಂತೆ, ಗಾಡಿಯನ್ನು ನೇರವಾಗಿ ನಿಲ್ಲಿಸಬಲ್ಲಿರಾ? ಕಾಲು ಊರದೆ ರಸ್ತೆಯ ಅಗಲದೊಳಗೆ ಪೂರ್ತಿ ಹಿಂತಿರುಗಬಲ್ಲಿರಾ? ಅರ್ಧ ಕ್ಲಚ್ಚಿನಲ್ಲಿ ನಡಿಗೆಯ ವೇಗಕ್ಕೆ ಗಾಡಿಯನ್ನು ಅಲುಗದಂತೆ ಒಯ್ಯಬಲ್ಲಿರಾ? ಈ ಮೂರೂ ಬಂದರೆ ನೀವು ಸಿದ್ಧ.

ನಮ್ಮ ಕಡೆ ಅನೇಕರಿಗೆ ಬಲಗಾಲಿನಿಂದ ಹಿಂದಿನ ಬ್ರೇಕನ್ನಷ್ಟೇ ಒತ್ತುವ ರೂಢಿ. ಬ್ರೇಕ್ ಹಾಕಿದಾಗ ಗಾಡಿಯ ಭಾರದ ಹೆಚ್ಚಿನ ಪಾಲು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿಯೇ ಇರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಅಂದರೆ 40ರಲ್ಲಿ ನಡೆಯುವ ತಪ್ಪು ರೂಢಿ 80ರಲ್ಲಿ ನಡೆಯುವುದಿಲ್ಲ. ಮುಂದಿನ ಬ್ರೇಕನ್ನು ಎರಡು ಬೆರಳಿನಿಂದ ಹಂತಹಂತವಾಗಿ ಹಿಂಡುವ ಅಭ್ಯಾಸವನ್ನು ಈಗಿನ ಗಾಡಿಯಲ್ಲಿಯೇ ಮಾಡಿಕೊಳ್ಳಿ. ಸ್ಪ್ಲೆಂಡರ್ ಸುಮಾರು 112 ಕಿಲೊ ತೂಗುತ್ತದೆ. ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350 ತೂಗುವುದು 191 ಕಿಲೊ. ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಭತ್ತದ ಚೀಲದಷ್ಟು. ಓಡುವಾಗ ಅದು ಗೊತ್ತಾಗುವುದಿಲ್ಲ. ಗಾಂಧಿ ಚೌಕದಂತಹ ಜನಜಂಗುಳಿಯಲ್ಲಿ ನಿಧಾನಕ್ಕೆ ತಿರುಗಿಸುವಾಗ, ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ.

ದೊಡ್ಡ ಬೈಕಿಗೆ ಬೇರೆ ಲೈಸೆನ್ಸ್ ಬೇಕೇ?

ಬೇಡ. ಗೇರ್ ಇರುವ ಮೋಟಾರ್ ಸೈಕಲ್ಲಿನ ಲೈಸೆನ್ಸ್ ಇದ್ದರೆ ಸಾಕು. ಗೇರ್ ಇಲ್ಲದ ಸ್ಕೂಟರಿಗೆ ಮಾತ್ರ ಪಡೆದಿದ್ದರೆ ಅದು ನಡೆಯುವುದಿಲ್ಲ.

ಟೂರಿಂಗ್ ಬೈಕ್ ಎಂದರೆ ನಿಜವಾಗಿ ಯಾವುದು?

ಅದು ಒಂದು ಜಾತಿಯ ಹೆಸರಲ್ಲ, ಒಂದಷ್ಟು ಗುಣಗಳ ಹೆಸರು. ಬೆನ್ನು ನೆಟ್ಟಗಿರಿಸುವ ಕೂರುವ ಭಂಗಿ, ಗಟ್ಟಿಯಾದರೂ ಅಗಲವಾದ ಸೀಟು, 80–90ರ ವೇಗದಲ್ಲಿ ನಡುಗದ ಇಂಜಿನ್, ಒಮ್ಮೆ ತುಂಬಿಸಿದರೆ ಮುನ್ನೂರು ಕಿಲೊಮೀಟರಿನ ಆಸುಪಾಸು ಬರುವ ಟ್ಯಾಂಕು, ಸಾಮಾನು ಕಟ್ಟಲು ಗಟ್ಟಿ ಜಾಗ, ಹೋದಲ್ಲೆಲ್ಲ ರಿಪೇರಿ ಮಾಡುವವರು. ಇವಿಷ್ಟು ಇದ್ದರೆ ಅದು ಕಾಲು ಮುಂದೆ ಚಾಚಿ ಕೂರುವ ಕ್ರೂಸರ್ ಆಗಲಿ, ಕೆಟ್ಟ ದಾರಿಗೂ ಇಳಿಯಬಲ್ಲ ಎತ್ತರದ ಅಡ್ವೆಂಚರ್ ಆಗಲಿ, ನಿತ್ಯದ ರಸ್ತೆಗೆಂದಿರುವ ಸಾದಾ ರೋಡ್‌ಸ್ಟರ್ ಆಗಲಿ, ಟೂರಿಂಗಿಗೆ ಒಗ್ಗುತ್ತದೆ.

ಹಳೆಯ ಗಾಡಿಯನ್ನು ಮಾರಿಬಿಡಲೇ?

ಮನೆಯಲ್ಲಿ ನಿಲ್ಲಿಸಲು ಜಾಗವಿದ್ದರೆ ಇಟ್ಟುಕೊಳ್ಳಿ. ಮಾರಿದರೆ ಬರುವ ಹಣ ಚಿಕ್ಕದು, ಅದರ ಉಪಯೋಗ ದೊಡ್ಡದು. ಹಾಲು, ತರಕಾರಿ, ಹೊಲದ ಕೆಲಸಕ್ಕೆ ಹಗುರ ಗಾಡಿಯೇ ವಾಸಿ. ದೊಡ್ಡ ಬೈಕು ಸವೆಯುವುದೂ ಕಡಿಮೆಯಾಗುತ್ತದೆ.

## ಗಾಡಿ ಆರಿಸುವಾಗ

ಎಷ್ಟು ಸಿಸಿ ಇರಬೇಕು? 400ಕ್ಕಿಂತ ಕಡಿಮೆ ಇದ್ದರೆ ಟೂರಿಂಗ್ ಆಗುವುದಿಲ್ಲ ಎನ್ನುತ್ತಾರೆ.

ಆಗುತ್ತದೆ, ಧಾರಾಳವಾಗಿ ಆಗುತ್ತದೆ. ಹೊಸಪೇಟೆಯಿಂದ ಚಿತ್ರದುರ್ಗದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಾಗಲಿ, ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ ಹಾದು ಬಳ್ಳಾರಿಗೆ ಬರುವ 67ರಲ್ಲಾಗಲಿ ಹೊಸ ಸವಾರ ದಿನವಿಡೀ ಹಿಡಿದು ಹೋಗಬಹುದಾದ ವೇಗ 80ರಿಂದ 90. ಅದಕ್ಕೆ 20 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯ ಇಂಜಿನ್ ಸಾಕು. ಮೀಟಿಯರ್ 350ರಲ್ಲಿ ಇರುವುದು 20.2 ಪಿಎಸ್, ಆದರೆ 27 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಇಂಜಿನ್ ನಿಧಾನ ತಿರುಗುವ ಕೆಳಗಿನ ಆರ್‌ಪಿಎಂನಲ್ಲೇ ಸಿಗುವುದರಿಂದ ಅದಿರು ಲಾರಿಯ ಹಿಂದೆ ನಿಧಾನಗೊಂಡು ಮತ್ತೆ ಏಳುವಾಗ ಪದೇ ಪದೇ ಗೇರ್ ಬದಲಿಸಬೇಕಾಗಿಲ್ಲ. ಸುಜುಕಿಯ 250 ಸಿಸಿಯ ವಿ-ಸ್ಟ್ರಾಮ್ ಎಸ್‌ಎಕ್ಸ್ 26.5 ಪಿಎಸ್ ಕೊಡುತ್ತದೆ, ತೂಕ 167 ಕಿಲೊ ಮಾತ್ರ. ಮೊದಲ ಬಾರಿ ದೂರ ಹೋಗುವವರಿಗೆ ಈ ಹಗುರತನ ದೊಡ್ಡ ವರ.

ಹಣದ ಲೆಕ್ಕವೂ 350ರ ಗೆರೆಯನ್ನೇ ತೋರಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದನ್ನು ಮೀರಿದವುಗಳಿಗೆ ಶೇ. 40 ಆಯಿತು. ಥರ್ಡ್ ಪಾರ್ಟಿ ವಿಮೆಯೂ ಹಾಗೆಯೇ: 2022ರಲ್ಲಿ ನಿಗದಿಯಾದ ವಾರ್ಷಿಕ ದರ 150ರಿಂದ 350 ಸಿಸಿಗೆ 1,366 ರೂಪಾಯಿ, 350 ದಾಟಿದರೆ 2,804 ರೂಪಾಯಿ. ಆದ್ದರಿಂದ ನನ್ನ ಸಲಹೆ ನೇರ: ಎರಡನೆಯ ಬೈಕು 200ರಿಂದ 350 ಸಿಸಿಯೊಳಗೆ ಇರಲಿ. ಉಳಿದ ಹಣ ಹೆಲ್ಮೆಟ್ಟಿಗೂ ಪೆಟ್ರೋಲಿಗೂ ಹೋಗಲಿ.

ನನ್ನ ಎತ್ತರ 5 ಅಡಿ 4 ಅಂಗುಲ. ಹಿಮಾಲಯನ್ ಆಗುತ್ತದೆಯೇ?

ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ರ ಸೀಟಿನ ಎತ್ತರವನ್ನು 825 ಅಥವಾ 845 ಮಿಲಿಮೀಟರಿಗೆ ಇರಿಸಬಹುದು; ತೂಕ 196 ಕಿಲೊ. ಕೆಟಿಎಂ 390 ಅಡ್ವೆಂಚರಿನ ಮೊದಲ ಆವೃತ್ತಿಯ ಸೀಟು 855ರಲ್ಲಿದೆ. ನೀವು ಹೇಳಿದ ಎತ್ತರಕ್ಕೆ ಇವುಗಳಲ್ಲಿ ಎರಡೂ ಹಿಮ್ಮಡಿ ನೆಲ ಮುಟ್ಟುವುದು ಕಷ್ಟ. ಮುಟ್ಟಲೇಬೇಕೆಂದಿಲ್ಲ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಿದರೆ, ಇಲ್ಲವೇ ಒಂದು ಕಡೆ ಸ್ವಲ್ಪ ಜರುಗಿ ಒಂದು ಪಾದ ಪೂರ್ತಿ ಊರಿದರೆ ಸಾಕು. ಆದರೆ ನಮ್ಮ ರಸ್ತೆಗಳ ಅಂಚು ಅನೇಕ ಕಡೆ ಡಾಂಬರಿಗಿಂತ ಗೇಣುದ್ದ ಕೆಳಗಿದೆ. ಲಾರಿಗೆ ದಾರಿ ಬಿಟ್ಟು ಅಂಚಿನಲ್ಲಿ ನಿಂತಾಗ ಕಾಲಿಗೆ ನೆಲ ಸಿಗದೆ ಗಾಡಿ ವಾಲಿತೆಂದರೆ, 196 ಕಿಲೊವನ್ನು ತೊಡೆಯ ಬಲದಿಂದ ತಡೆಯಲಾಗದು. ಹೊಸಬರು ಬೀಳುವುದು ಹೆಚ್ಚಾಗಿ ಹೀಗೆ, ಓಡುವಾಗ ಅಲ್ಲ, ನಿಲ್ಲುವಾಗ.

ಬೇರೆ ದಾರಿಗಳಿವೆ. ಮೀಟಿಯರಿನ ಸೀಟು 765, ಹೋಂಡಾ ಹೈನೆಸ್ ಸಿಬಿ350ರದ್ದು 800, ಬಜಾಜ್ ಅವೆಂಜರ್ 220 ಕ್ರೂಸಿನದ್ದು 737 ಮಿಲಿಮೀಟರ್. ಎತ್ತರದ ಗಾಡಿಯೇ ಬೇಕೆಂದರೆ ಹಗುರವಾದದ್ದನ್ನು ಆರಿಸಿ: ಹೀರೊ ಎಕ್ಸ್‌ಪಲ್ಸ್ 200ರ ಸೀಟೂ 825ರ ಹತ್ತಿರವೇ ಇದೆ, ಆದರೆ ತೂಕ 160 ಕಿಲೊದೊಳಗೆ. ವಾಲಿದರೂ ಹಿಡಿಯಬಹುದು.

ಕ್ರೂಸರ್ ಬಲು ಆರಾಮ ಎನ್ನುತ್ತಾರೆ. ಗೆಳೆಯನ ಗಾಡಿಯಲ್ಲಿ ಗಂಗಾವತಿಗೆ ಹೋಗಿ ಬರುವಷ್ಟರಲ್ಲಿ ನನಗೆ ಸೊಂಟ ಹಿಡಿಯಿತು. ಏಕೆ?

ಇದು ತುಂಬ ಜನ ಕೇಳುವ, ತುಂಬ ಜನ ತಪ್ಪು ತಿಳಿಯುವ ವಿಷಯ. ಸೀಟು, ಹ್ಯಾಂಡಲ್, ಕಾಲಿಡುವ ಫುಟ್‌ರೆಸ್ಟ್ ಈ ಮೂರರ ನಡುವಿನ ತ್ರಿಕೋನವೇ ಆರಾಮವನ್ನು ನಿರ್ಧರಿಸುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಆಗ ದೇಹದ ಭಾರವೆಲ್ಲ ಬೆನ್ನುಮೂಳೆಯ ತುದಿಯ ಮೇಲೆ ಕೂರುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಇದು ಸೊಗಸು. ಹುಬ್ಬು, ಗುಂಡಿ ಬಂದಾಗ ಮಾತ್ರ ಏಟು ನೇರವಾಗಿ ಸೊಂಟಕ್ಕೆ ಬಡಿಯುತ್ತದೆ, ಏಕೆಂದರೆ ಮುಂದೆ ಚಾಚಿದ ಕಾಲಿನ ಮೇಲೆ ನಿಂತು ಏಳಲು ಆಗುವುದಿಲ್ಲ. ಫುಟ್‌ರೆಸ್ಟ್ ನಿಮ್ಮ ಸೊಂಟದ ಕೆಳಗೇ ಇದ್ದರೆ, ಗುಂಡಿ ಕಂಡೊಡನೆ ಪೃಷ್ಠವನ್ನು ಸೀಟಿನಿಂದ ಎರಡು ಬೆರಳಿನಷ್ಟು ಎತ್ತಿದರೂ ಮೊಣಕಾಲು ಆ ಏಟನ್ನು ನುಂಗುತ್ತದೆ. ಅಡ್ವೆಂಚರ್ ಮತ್ತು ರೋಡ್‌ಸ್ಟರ್ ಗಾಡಿಗಳ ಗುಟ್ಟು ಇದೇ.

ಸೀಟಿನ ಮೆತ್ತನೆಗೂ ಮೋಸ ಹೋಗಬೇಡಿ. ಷೋರೂಮಿನಲ್ಲಿ ಹಿತವೆನಿಸುವ ಮೆತ್ತನೆಯ ಫೋಮ್ ಒಂದು ತಾಸಿನಲ್ಲಿ ಕುಸಿದು ಕೆಳಗಿನ ತಟ್ಟೆ ಒತ್ತತೊಡಗುತ್ತದೆ. ಸ್ವಲ್ಪ ಗಟ್ಟಿ, ಹಿಂಭಾಗ ಅಗಲವಾದ, ಮುಂದಕ್ಕೆ ಇಳಿಜಾರಿಲ್ಲದ ಸೀಟು ದೂರಕ್ಕೆ ಒಳ್ಳೆಯದು. ಗಾಡಿ ಉಳಿದೆಲ್ಲ ಇಷ್ಟವಾಗಿ ಸೀಟು ಮಾತ್ರ ಒಗ್ಗದಿದ್ದರೆ, ಸೀಟು ಹೊಲಿಯುವವರ ಬಳಿ ಫೋಮ್ ಬದಲಿಸಿಕೊಳ್ಳಬಹುದು. ಗಾಡಿಯನ್ನೇ ಬದಲಿಸುವುದಕ್ಕಿಂತ ಅದು ಅಗ್ಗ.

ನಮ್ಮ ರಸ್ತೆಗಳಿಗೆ ಯಾವುದು ಸರಿ? ಅರ್ಧ ಹೆದ್ದಾರಿ, ಅರ್ಧ ಹೊಲದ ದಾರಿ.

ನಿಮ್ಮ ಊರು ಯಾವ ಕಡೆ ಎಂಬುದರ ಮೇಲೆ ಹೋಗುತ್ತದೆ. ಸಂಡೂರಿನ ಕಡೆಯವರಾದರೆ ಅದಿರು ಲಾರಿಗಳು ತುಳಿದ ರಸ್ತೆ, ತಿರುವಿನಲ್ಲಿ ಚೆಲ್ಲಿದ ಕೆಂಪು ಪುಡಿ. ಒಣಗಿದ್ದಾಗ ಅದು ಟೈರಿನ ಕೆಳಗೆ ಉರುಳುತ್ತದೆ, ಮೊದಲ ಮಳೆ ಬಿದ್ದಾಗ ಎಣ್ಣೆ ಸವರಿದಂತಾಗುತ್ತದೆ. ಅಲ್ಲಿ ಉದ್ದ ಸಸ್ಪೆನ್ಷನ್, 19 ಅಥವಾ 21 ಅಂಗುಲದ ಮುಂದಿನ ಚಕ್ರ ನೆಮ್ಮದಿ ಕೊಡುತ್ತದೆ. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಇಳಿಯುವುದು ಕಡಿಮೆ.

ಸಿಂಧನೂರು, ಮಾನ್ವಿ, ಸಿರುಗುಪ್ಪದವರಿಗೆ ಎರೆ ಮಣ್ಣಿನ ಕಾಟ. ಮಳೆಗಾಲದಲ್ಲಿ ಕಾಲುವೆ ದಾರಿಗೆ ಇಳಿದರೆ ಅಂಟುವ ಕಪ್ಪು ಮಣ್ಣು ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಪದರ ಪದರವಾಗಿ ಸೇರುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಜಾಲಿಯ ಕಡ್ಡಿ ಮುರಿದು ಕೆರೆದು ತೆಗೆಯಬೇಕು. ಇಂತಹ ದಾರಿ ನಿಮ್ಮ ನಿತ್ಯದ್ದಾದರೆ ಎಕ್ಸ್‌ಪಲ್ಸಿನಂತೆ ಮಡ್‌ಗಾರ್ಡ್ ಮೇಲೆ ಎತ್ತಿರಿಸಿದ ಗಾಡಿ ನೋಡಿ. ವರ್ಷಕ್ಕೆರಡು ಸಲದ್ದಾದರೆ ಅದಕ್ಕಾಗಿ ಬೈಕ್ ಆರಿಸಬೇಡಿ, ಆ ದಿನ ಹೆದ್ದಾರಿಯಲ್ಲೇ ಸುತ್ತಿಕೊಂಡು ಹೋಗಿ.

ಇನ್ನು ಊರೂರಿಗೂ ಬಣ್ಣ ಬಳಿಯದ ಹಂಪುಗಳಿವೆ. ಗಾಡಿಯ ಹೊಟ್ಟೆ ನೆಲದಿಂದ 170 ಮಿಲಿಮೀಟರಿನಷ್ಟಾದರೂ ಮೇಲಿದ್ದರೆ, ಇಬ್ಬರು ಕೂತರೂ ತಳ ಉಜ್ಜುವ ಭಯ ಕಡಿಮೆ.

ಹಿಂದೆ ಮನೆಯವರು ಕೂರುತ್ತಾರೆ. ಅವರಿಗೂ ಆರಾಮವಾಗಬೇಕು.

ಹಾಗಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಗಾಡಿ ನೋಡಿ. ಅವರ ಮಾತಿಗೆ ಅರ್ಧ ಓಟು. ಹಿಂದಿನ ಸೀಟು ಅಗಲ ಮತ್ತು ಸಮತಟ್ಟಾಗಿರಬೇಕು. ಹಿಂದಿನ ಫುಟ್‌ರೆಸ್ಟ್ ತೀರ ಮೇಲಿದ್ದರೆ ಮೊಣಕಾಲು ಮಡಚಿ ನೋಯುತ್ತದೆ. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಜಾಗ, ಸೀರೆ ಅಥವಾ ದುಪಟ್ಟಾ ಚಕ್ರಕ್ಕೆ ಸಿಲುಕದಂತೆ ಮರೆ, ಇವು ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಇರಲೇಬೇಕಾದವು. ಅಂದ ಕೆಡುತ್ತದೆ ಎಂದು ಸೀರೆ ಗಾರ್ಡ್ ಬಿಚ್ಚಿಸುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ಬಿಚ್ಚಿಸಬೇಡಿ.

ಇಬ್ಬರು ಕೂತಾಗ ಹಿಂದಿನ ಷಾಕ್ ಅಬ್ಸಾರ್ಬರಿನ ಪ್ರೀಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿಯನ್ನು, ಒಂದೆರಡು ಹಂತ ಏರಿಸಿ. ಗಾಡಿಯ ಜೊತೆ ಕೊಡುವ ಉಪಕರಣದಲ್ಲೇ ಅದಕ್ಕೆ ಸ್ಪ್ಯಾನರ್ ಇರುತ್ತದೆ. ಏರಿಸದಿದ್ದರೆ ಹಿಂಭಾಗ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಹ್ಯಾಂಡಲ್ ಹಗುರಾಗುತ್ತದೆ.

ರಾಯಚೂರಿನ ಬಿಸಿಲಿಗೆ ಏರ್ ಕೂಲ್ಡ್ ಇಂಜಿನ್ ತಡೆದೀತೇ?

ಇಂಜಿನ್ ತಡೆಯುತ್ತದೆ. ಓಡುತ್ತಿರುವಾಗ ಗಾಳಿಯೇ ಅದನ್ನು ತಣಿಸುತ್ತದೆ. ಸರಿಯಾದ ದರ್ಜೆಯ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದರೆ ಚಿಂತೆಯಿಲ್ಲ. ಹೆಚ್ಚು ಶಕ್ತಿಯ ಲಿಕ್ವಿಡ್ ಕೂಲ್ಡ್ ಗಾಡಿಗಳಲ್ಲಿ, ಊರೊಳಗೆ ನಿಧಾನವಾಗಿ ಹೋಗುವಾಗ, ರೇಡಿಯೇಟರ್ ಫ್ಯಾನಿನ ಬಿಸಿಗಾಳಿ ಮೊಣಕಾಲಿಗೆ ಬಡಿಯುವುದೇ ದೊಡ್ಡ ಕಿರಿಕಿರಿ. ಟೆಸ್ಟ್ ರೈಡನ್ನು ಮಧ್ಯಾಹ್ನಕ್ಕೆ ಕೇಳಿ, ಗೊತ್ತಾಗುತ್ತದೆ.

ತಡೆಯಲಾಗದಿರುವುದು ಸವಾರನಿಗೆ. ಗಾಳಿಯ ಬಿಸಿ 40 ಡಿಗ್ರಿ ದಾಟಿದಾಗ ಅದು ಮೈಯನ್ನು ತಣಿಸುವುದಿಲ್ಲ, ಇನ್ನಷ್ಟು ಕಾಯಿಸಿ ನೀರು ಹೀರುತ್ತದೆ. ಆದ್ದರಿಂದ ಸೆಖೆಯೆಂದು ಜಾಕೆಟ್ ಬಿಚ್ಚುವುದು ಉಲ್ಟಾ ಕೆಲಸ. ಒಳಗಿನ ಹತ್ತಿ ಬನಿಯನ್ ಒದ್ದೆ ಮಾಡಿ, ಮೇಲೆ ಜಾಕೆಟ್ ಹಾಕಿ. ನಮ್ಮದು ಒಣ ಹವೆಯಾದ್ದರಿಂದ ಆ ತಂಪು ಚೆನ್ನಾಗಿ ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಬೆಳಗಿನ ಐದಕ್ಕೆ ಹೊರಟು ಹನ್ನೊಂದರೊಳಗೆ ನೆರಳು ಸೇರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಸ್ಪೋಕ್ ಚಕ್ರವೋ, ಅಲಾಯೋ?

ಟೂರಿಂಗಿಗೆ ನಾನು ಟ್ಯೂಬ್‌ಲೆಸ್ ಕಡೆಗೆ. ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ರಸ್ತೆಬದಿಯಲ್ಲೇ ಪ್ಲಗ್ ಹಾಕಿ ಚಿಕ್ಕ ಪಂಪಿನಿಂದ ತುಂಬಿಕೊಂಡು ಮುಂದಿನ ಊರು ಸೇರಬಹುದು. ಟ್ಯೂಬ್ ಇದ್ದರೆ ಚಕ್ರವನ್ನೇ ಬಿಚ್ಚಬೇಕು. ಮೀಟಿಯರ್, ವಿ-ಸ್ಟ್ರಾಮ್ ಎಸ್‌ಎಕ್ಸ್ ಅಲಾಯ್ ಚಕ್ರದಲ್ಲಿ ಟ್ಯೂಬ್‌ಲೆಸ್ ಬರುತ್ತವೆ. ಕಲ್ಲುದಾರಿಯಲ್ಲೇ ಹೆಚ್ಚು ಓಡಾಡುವವರಿಗೆ ಸ್ಪೋಕ್ ವಾಸಿ, ಏಟಿಗೆ ಬಾಗಿದರೂ ಒಡೆಯುವುದಿಲ್ಲ. ಹಿಮಾಲಯನ್ 450ರಲ್ಲಿ ಹೆಚ್ಚಿನ ಹಣ ಕೊಟ್ಟರೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಸಿಗುತ್ತದೆ.

## ಕೊಳ್ಳುವಾಗ

ಟೆಸ್ಟ್ ರೈಡಿನಲ್ಲಿ ಏನು ನೋಡಬೇಕು? ಷೋರೂಮಿನವರು ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ.

ಒಂದು ಸುತ್ತಿಗೆ ಒಪ್ಪಬೇಡಿ. ಎರಡು ಲಕ್ಷದ ವ್ಯವಹಾರ, ಅರ್ಧ ತಾಸು ಕೇಳುವುದು ನಿಮ್ಮ ಹಕ್ಕು. ಜನ ಕಡಿಮೆಯಿರುವ ವಾರದ ದಿನ ಹೋಗಿ, ನಿಮ್ಮದೇ ಹೆಲ್ಮೆಟ್ ಮತ್ತು ಬೂಟು ಹಾಕಿಕೊಂಡು ಹೋಗಿ. ಹೊರಡುವ ಮುನ್ನ ನಿಂತಲ್ಲೇ ಹತ್ತು ನಿಮಿಷ ಸುಮ್ಮನೆ ಕೂತಿರಿ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ತೋಳು ನೇರವಾಗಿ ಚಾಚಿದರೆ ಹೆಗಲು ನೋಯುತ್ತದೆ, ಮೈ ಮುಂದಕ್ಕೆ ಬಾಗಿದರೆ ಮಣಿಕಟ್ಟು.

ಆಮೇಲೆ ಬೇಕೆಂದೇ ಕೆಟ್ಟ ರಸ್ತೆ ಹುಡುಕಿ. ಹಂಪಿನ ಮೇಲೆ 30ರ ವೇಗದಲ್ಲಿ ಹಾಯಿಸಿದಾಗ ಹಿಂಭಾಗ ಚಿಮ್ಮುತ್ತದೆಯೇ? 80ರಲ್ಲಿ ಮೇಲಿನ ಗೇರಿಗೆ ಹಾಕಿ, ಹಿಡಿಕೆಯನ್ನು ಸಡಿಲ ಹಿಡಿದು ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆಯೇ ಗಮನಿಸಿ, ಕನ್ನಡಿಯಲ್ಲಿ ಹಿಂದಿನ ಲಾರಿಯ ಆಕಾರ ಸ್ಪಷ್ಟವಾಗಿ ಕಾಣುತ್ತದೆಯೇ ನೋಡಿ. ಹತ್ತು ನಿಮಿಷದಲ್ಲಿ ಬೆರಳು ಜುಮ್ಮೆಂದರೆ, ಮೂರು ತಾಸಿಗೆ ಮರಗಟ್ಟುತ್ತದೆ. ಕೊನೆಗೆ ಇಂಜಿನ್ ಆರಿಸಿ, ಗಾಡಿಯನ್ನು ಕೈಯಿಂದ ತಳ್ಳಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ಮನೆಯ ಓಣಿಯಲ್ಲಿ ದಿನವೂ ಮಾಡಬೇಕಾದ ಕೆಲಸ ಅದು.

ಸರ್ವಿಸ್ ಸೆಂಟರ್ ದೂರವಿದ್ದರೆ ಏನು ಮಾಡುವುದು?

ಆ ಗಾಡಿಯನ್ನು ಬಿಡುವುದು. ಮೊದಲ ಟೂರಿಂಗ್ ಬೈಕಿಗೆ ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ಲು, ಚೈನ್ ಸೆಟ್ಟು ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು. ಕೊಳ್ಳುವ ಮೊದಲು ಬಿಡಿಭಾಗದ ಕೌಂಟರಿಗೆ ಹೋಗಿ ಈ ಮೂರರ ಬೆಲೆ ಕೇಳಿ; ಉತ್ತರ ತಡವಾದಷ್ಟೂ ನೀವು ಮುಂದೆ ಕಾಯಬೇಕೆಂದು ಅರ್ಥ.

ಆಂಧ್ರ ನಂಬರಿನ ಹಳೆಯ ಗಾಡಿ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಗಡಿಯ ಊರುಗಳಲ್ಲಿ ಈ ಆಸೆ ಸಹಜ. ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಮಾರುವವರೇ ತಂದುಕೊಡಬೇಕು. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ನೀವು ಕಟ್ಟಬೇಕು. ಇದನ್ನು ಸೇರಿಸಿದರೆ ಅಗ್ಗವೆನ್ನುವುದು ಬಹುಪಾಲು ಕರಗಿಹೋಗುತ್ತದೆ. ನಮ್ಮದೇ ಕೆಎ 34, 36, 37 ನಂಬರಿನ ಗಾಡಿ ಸಿಕ್ಕರೆ ಫಾರಂ 29 ಮತ್ತು 30ರಲ್ಲಿ ವರ್ಗಾವಣೆ ಮುಗಿಯುತ್ತದೆ. ಸಾಲದ ಮೇಲೆ ಕೊಂಡದ್ದಾದರೆ ಬ್ಯಾಂಕಿನ ಫಾರಂ 35 ಬೇಕು. ಕಾಗದ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಗಾಡಿಯಲ್ಲಿ ನೋಡಬೇಕಾದದ್ದು: ಹ್ಯಾಂಡಲಿನ ತುದಿ, ಫುಟ್‌ರೆಸ್ಟಿನ ತುದಿ, ಬ್ರೇಕ್ ಲಿವರಿನ ತುದಿ ಒಂದೇ ಪಕ್ಕದಲ್ಲಿ ಉಜ್ಜಿದ್ದರೆ ಗಾಡಿ ಬಿದ್ದಿದೆ. ನಡುವಿನ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಟ್ಟ ನಡುವೆ ಕಟಕ್ಕೆಂದು ಸಿಕ್ಕಿಕೊಂಡರೆ ಬೇರಿಂಗ್ ಹೋಗಿದೆ. ಮುಂದಿನ ಫೋರ್ಕಿನ ಮೇಲೆ ಎಣ್ಣೆಯ ಉಂಗುರವಿದ್ದರೆ ಸೀಲ್ ಹೋಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಎಲ್ಲ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. ಅದಕ್ಕೂ ಹಳೆಯದಾಗಿ ಎಬಿಎಸ್ ಇಲ್ಲದ್ದಾದರೆ ಬೇಡ ಎನ್ನುತ್ತೇನೆ.

ಹೆಲ್ಮೆಟ್, ಜಾಕೆಟ್ಟಿಗೆ ಎಷ್ಟು ತೆಗೆದಿಡಬೇಕು? ಬಳ್ಳಾರಿ ಜೀನ್ಸ್ ಸಾಲದೇ?

ಬೈಕಿನ ಬೆಲೆಯ ಹತ್ತನೆಯ ಒಂದು ಭಾಗ ತೆಗೆದಿಡಿ, ಬೈಕಿಗಿಂತ ಮೊದಲು ತೆಗೆದಿಡಿ. ಭಾರತೀಯ ಮಾನಕ ಐಎಸ್ 4151ರ ಗುರುತಿರುವ, ಗದ್ದ ಮುಚ್ಚುವ ಪೂರ್ತಿ ಹೆಲ್ಮೆಟ್ ಇಬ್ಬರಿಗೂ ಬೇಕು. ತಲೆಗೆ ಟೋಪಿಯಂತೆ ಕೂರುವ ಅರ್ಧ ಹೆಲ್ಮೆಟ್ ದಂಡದಿಂದ ಕಾಪಾಡೀತು, ದವಡೆಯನ್ನು ಕಾಪಾಡದು. ನಮ್ಮೂರ ಜೀನ್ಸಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಸಾದಾ ಡೆನಿಮ್ ಡಾಂಬರಿನ ಮೇಲೆ ಉಜ್ಜಿದ ಕ್ಷಣದಲ್ಲೇ ಹರಿಯುತ್ತದೆ. ಕನಿಷ್ಠ ಪಕ್ಷ ಅದರ ಮೇಲೆ ಮೊಣಕಾಲಿನ ಗಾರ್ಡ್ ಕಟ್ಟಿ. ಬೆರಳಿಗೆ ಕೈಗವಸು, ಕಾಲಿಗೆ ಕೀಲು ಮುಚ್ಚುವ ಬೂಟು ಇರಲಿ. ಚಪ್ಪಲಿಯಲ್ಲಿ ಹೊರಡುವವರ ಜೊತೆ ನಾನು ಹೋಗುವುದಿಲ್ಲ.

## ಕೊಂಡ ಮೇಲೆ

ಸಾಮಾನು ಹೇಗೆ ಕಟ್ಟಬೇಕು?

ಭಾರವಾದದ್ದು ಕೆಳಗೆ, ಗಾಡಿಯ ನಡುವಿಗೆ ಹತ್ತಿರ, ಹಗುರವಾದದ್ದು ಮೇಲೆ. ಎರಡು ಬದಿಯ ಸ್ಯಾಡಲ್ ಬ್ಯಾಗಿನ ತೂಕ ಸಮ ಇರಲಿ. ಹಿಂದಿನ ಕ್ಯಾರಿಯರಿಗೆ ಎತ್ತರದ ಪೆಟ್ಟಿಗೆ ಬಿಗಿದು ತುಂಬ ಭಾರ ತುಂಬಿದರೆ, ಲಾರಿ ಎದುರಾದಾಗ ಗಾಳಿಯ ಹೊಡೆತಕ್ಕೆ ಹ್ಯಾಂಡಲ್ ಅಲುಗುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ದೂರ ಹೋಗಬೇಡಿ. ಒಳ್ಳೆಯ ಸೀಟಿನ ಸುಖವನ್ನೆಲ್ಲ ಅದು ಕಸಿಯುತ್ತದೆ.

ವಿಂಡ್‌ಸ್ಕ್ರೀನ್ ಹಾಕಿಸಿದ ಮೇಲೆ ತಲೆಯ ಹತ್ತಿರ ಸದ್ದು ಹೆಚ್ಚಾಯಿತು. ತೆಗೆಸಿಬಿಡಲೇ?

ಸ್ಕ್ರೀನಿನ ಮೇಲಂಚಿನಿಂದ ಸೀಳಿದ ಗಾಳಿ ಸುಳಿಯಾಗಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತಿದೆ. ಗಾಡಿ ಓಡುವಾಗ ಒಮ್ಮೆ ಸ್ವಲ್ಪ ಬಗ್ಗಿ, ಒಮ್ಮೆ ನೆಟ್ಟಗೆ ಎದ್ದು ನೋಡಿ. ಬಗ್ಗಿದಾಗ ಶಾಂತವಾದರೆ ಇನ್ನೂ ಎತ್ತರದ ಸ್ಕ್ರೀನ್ ಬೇಕು, ಎದ್ದಾಗ ಶಾಂತವಾದರೆ ಚಿಕ್ಕದು ಸಾಕು. ಗಾಳಿ ಎದೆಗೆ ತಾಗದೆ, ಹೆಲ್ಮೆಟ್ಟಿಗೆ ಸುಳಿಯಿಲ್ಲದೆ ನೇರ ಬರುವುದೇ ಒಳ್ಳೆಯ ಸ್ಥಿತಿ.

ಮೊದಲ ದೂರದ ಸವಾರಿ ಎಲ್ಲಿಗೆ ಹೋಗಲಿ? ಒಂದೇ ದಿನಕ್ಕೆ ಬೆಂಗಳೂರು ಮುಟ್ಟಬಹುದೇ?

ಬಳ್ಳಾರಿಯಿಂದ ಬೆಂಗಳೂರು 300 ಕಿಲೊಮೀಟರಿಗೂ ಹೆಚ್ಚು. ಮೊದಲ ಸವಾರಿಗೆ ಬೇಡ. 150 ಕಿಲೊಮೀಟರಿನೊಳಗೆ ಹೋಗಿ ಬನ್ನಿ. ಕೊಪ್ಪಳದವರು ಕುಕನೂರಿನ ನವಲಿಂಗ ಗುಡಿ ನೋಡಿ ಇಟಗಿಗೆ ಹೋಗಿ. 1112ರ ಮಹಾದೇವ ದೇವಾಲಯದ ನೆರಳಿನಲ್ಲಿ ಬೆನ್ನು ಚಾಚಿ ಮರಳಿ. ರಾಯಚೂರಿನವರಿಗೆ ಮಂತ್ರಾಲಯ ಹತ್ತಿರ. ಬಳ್ಳಾರಿಯವರು ಹೊಸಪೇಟೆಯಲ್ಲಿ ಒಗ್ಗರಣೆ ಮಿರ್ಚಿ ತಿಂದು, ಹಂಪಿ ದಾಟಿ ಆನೆಗೊಂದಿ, ಸಾಣಾಪುರದವರೆಗೆ ಹೋಗಬಹುದು. ಪ್ರತಿ ತಾಸಿಗೊಮ್ಮೆ ಇಳಿದು, ಎಲ್ಲಿ ನೋವಿದೆ ಎಂದು ಬರೆದಿಡಿ. ಅದೇ ಪಟ್ಟಿ ಹಿಡಿದು ಹ್ಯಾಂಡಲಿನ ಕೋನ, ಲಿವರಿನ ಎತ್ತರ, ಸೀಟು ಸರಿಪಡಿಸಿಕೊಳ್ಳಿ.

ರಾತ್ರಿ ತಂಪು, ರಸ್ತೆಯೂ ಖಾಲಿ. ರಾತ್ರಿಯೇ ಹೊರಟರೆ?

ಬೇಡ. ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಒಂದು ಪಕ್ಕದುದ್ದಕ್ಕೂ ಭತ್ತ ಒಣಹಾಕಿರುತ್ತಾರೆ. ರಾಶಿಗೆ ತಾಡಪಾಲು ಹೊದಿಸಿ, ವಾಹನ ಹತ್ತದಿರಲೆಂದು ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಬಿದ್ದ ಆ ಎರಡು ಸೆಕೆಂಡಿನಲ್ಲಿ ಕಲ್ಲು ಕಾಣುವುದಿಲ್ಲ. 80ರ ವೇಗದಲ್ಲಿ ಅಷ್ಟರಲ್ಲಿ ನೀವು 44 ಮೀಟರ್ ಮುಂದೆ ಹೋಗಿರುತ್ತೀರಿ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ರಸ್ತೆಯ ಮೇಲೇ ಮಲಗಿದ ಕುರಿ ಹಿಂಡು ಇವೂ ಇವೆ. ಬೆಲೆ ಎಷ್ಟೇ ಇರಲಿ, ಯಾವ ಹೆಡ್‌ಲೈಟೂ ಇದಕ್ಕೆ ಸಾಲದು. ಕತ್ತಲಾಗುವ ಒಂದು ತಾಸು ಮೊದಲೇ ರೂಮು ಹಿಡಿಯಿರಿ, ಚೈನಿಗೆ ಎಣ್ಣೆ ಹಾಕಿ, ಟೈರು ತಣ್ಣಗಾದ ಮೇಲೆ ಬೆಳಿಗ್ಗೆ ಗಾಳಿ ನೋಡಿಕೊಂಡು ಹೊರಡಿ.

650 ಸಿಸಿಗೆ ಯಾವಾಗ ಹೋಗಬಹುದು?

ಈಗಿನ ಗಾಡಿಯಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಘಟ್ಟ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ದೊಡ್ಡ ಪಯಣ ಮುಗಿದ ಮೇಲೆ. ರಾಯಲ್ ಎನ್‌ಫೀಲ್ಡಿನ ಸೂಪರ್ ಮೀಟಿಯರ್ 650ರ ಸೀಟು 740 ಮಿಲಿಮೀಟರಿನಷ್ಟೇ ಕೆಳಗಿದ್ದರೂ ತೂಕ 241 ಕಿಲೊ. ಇಂಟರ್‌ಸೆಪ್ಟರ್ 47 ಪಿಎಸ್ ಕೊಡುತ್ತದೆ, ಟ್ಯಾಂಕು ಮಾತ್ರ 13.7 ಲೀಟರ್. ಆಗಲೂ ಟೆಸ್ಟ್ ರೈಡಿಗೆ ಅರ್ಧ ತಾಸು ಕೇಳಿ, ಮತ್ತೆ ಕೆಟ್ಟ ರಸ್ತೆಯನ್ನೇ ಹುಡುಕಿ.